ಮೀಟರ್ ಸೊನ್ನೆ ತೋರಿಸಿದರೆ ವಿಕಿರಣ ಇಲ್ಲ ಅಂತಾನಾ? ಒಂಬತ್ತನೇ ಕ್ಲಾಸಿನ ಹುಡುಗಿಗೆ ಉತ್ತರ ಹೇಳಬೇಕು

ನವನಗರ ಮೇಷ್ಟ್ರು, ಬಾಗಲಕೋಟೆ
ಶನಿವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸೋಮವಾರದೊಳಗೆ ನನಗೊಂದು ಉತ್ತರ ಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ವಿಜ್ಞಾನ ಮೇಳಕ್ಕೆ ಅಂತ ವಿಕಿರಣ ಎಣಿಸುವ ಒಂದು ಗೈಗರ್ ಕೌಂಟರ್ ಕಿಟ್ ತರಿಸಿದ್ದೆ. ಬೆರಳುದ್ದದ ಗಾಜಿನ ಕೊಳವೆ, ಒಂದು ಬೋರ್ಡು, ಗುಂಡಿಯಷ್ಟು ದೊಡ್ಡ ಸ್ಪೀಕರು. ಎರಡು ಸಂಜೆ ಕೂತು ಸೋಲ್ಡರ್ ಮಾಡಿ ಸ್ವಿಚ್ ಒತ್ತಿದೆ. ಟಿಕ್... ಟಿಕ್ ಟಿಕ್... ಅಂತ ಶುರುವಾಯಿತು. ಸ್ಟಾಫ್ ರೂಮಿನ ಮೇಜಿನ ಮೇಲೆ ನಿಮಿಷಕ್ಕೆ 20ರಿಂದ 25. ಹೊರಗಿನ ಇಳಕಲ್ ಗ್ರಾನೈಟ್ ಕಟ್ಟೆ ಮೇಲೆ ಇಟ್ಟರೆ 35ರ ಆಸುಪಾಸು. ನಮ್ಮಜ್ಜನ ಕಾಲದ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ ಒಂದು ಅಟ್ಟದ ಮೇಲೆ ಪೊಟ್ಟಣದಲ್ಲೇ ಉಳಿದಿತ್ತು. ಅದರ ಹತ್ತಿರ ಹಿಡಿದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಆಗಿನ ಮ್ಯಾಂಟಲ್‌ಗಳಲ್ಲಿ ವಿಕಿರಣ ಸೂಸುವ ಥೋರಿಯಂ ಹಾಕುತ್ತಿದ್ದರು. (ಪೊಟ್ಟಣ ಬಿಚ್ಚಿಲ್ಲ, ಮಕ್ಕಳ ಕೈಗೂ ಕೊಟ್ಟಿಲ್ಲ. ಬೈಯಬೇಡಿ.)

ಮಕ್ಕಳಿಗೆ ಖುಷಿಯೋ ಖುಷಿ. ಅದೇ ಹುರುಪಿನಲ್ಲಿ 1958ರ ಎಕ್ಸ್‌ಪ್ಲೋರರ್-1 ಕಥೆ ಹೇಳಿದೆ. ಇಂಥದ್ದೇ ಒಂದು ಕೊಳವೆಯನ್ನು ಅಮೆರಿಕದ ವಿಜ್ಞಾನಿ ವ್ಯಾನ್ ಆಲನ್ ಆ ಉಪಗ್ರಹದಲ್ಲಿಟ್ಟು ಕಳಿಸಿದರು, ಭೂಮಿಯ ಸುತ್ತ ವಿಕಿರಣದ ಪಟ್ಟಿ ಇದೆ ಅಂತ ಗೊತ್ತಾಯಿತು ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಮೇಲೆ ಹೋದಾಗ ಎಷ್ಟು ಟಿಕ್ ಬಂತು?" ಸೊನ್ನೆ ಅಂದೆ. "ಸೊನ್ನೆ ಬಂದರೆ ವಿಕಿರಣ ಇಲ್ಲ ಅಂತ ಅಲ್ವಾ ಸರ್?" ಇಲ್ಲಮ್ಮ, ಜಾಸ್ತಿಯಾಗಿ ಮೀಟರ್ ಕಟ್ಟಿಕೊಂಡಿತ್ತು ಅಂದೆ. ಅವಳು ಬಿಡಲಿಲ್ಲ. "ಹಾಗಾದರೆ ಈಗಿನ ಉಪಗ್ರಹದ ಮೀಟರ್ ಸರಿಯಾಗಿ ಹೇಳ್ತಿದೆ ಅಂತ ಹೇಗೆ ಗೊತ್ತು? ಯಾರಾದರೂ ಮೇಲೆ ಹೋಗಿ ನೋಡ್ತಾರಾ?"

ಬೆಲ್ ಹೊಡೆಯಿತು, ಬದುಕಿಕೊಂಡೆ.

ಹಾರ್ಡ್‌ವೇರ್ ಹುಡುಗ, ವಿಜಯಪುರ (ಈಗ ಬೆಂಗಳೂರು)
ಶನಿವಾರ ರಾತ್ರಿ 10:25

ಗುರುಗಳೇ, ಆ ಹುಡುಗಿ ಕೇಳಿದ್ದು ನಮ್ಮ ಕೆಲಸದ ಅರ್ಧ ಭಾಗ. ನಾನು ಉಪಗ್ರಹಗಳ ಎಲೆಕ್ಟ್ರಾನಿಕ್ಸ್ ಪರೀಕ್ಷೆ ಮಾಡುವ ಕಡೆ ಇದ್ದೇನೆ. ಅಳೆಯೋದು ಸುಲಭ. ಅಳೆದದ್ದನ್ನು ನಂಬೋದೇ ಕಷ್ಟ.

ಮೊದಲು ಸೊನ್ನೆಯ ವಿಷಯ. ನಿಮ್ಮ ಕೊಳವೆಯೊಳಗೆ ಕಡಿಮೆ ಒತ್ತಡದ ಅನಿಲ ಇದೆ, ನಡುವೆ ತಂತಿ, ಸುಮಾರು 400 ವೋಲ್ಟ್. ಒಂದು ಕಣ ಒಳಗೆ ಬಂದರೆ ಅನಿಲದಲ್ಲಿ ವಿದ್ಯುತ್ತಿನ ಹರಿವು ಶುರುವಾಗುತ್ತೆ, ಅದೇ ಟಿಕ್. ಆಮೇಲೆ ಕೊಳವೆ ಸುಧಾರಿಸಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು, ಸಾಮಾನ್ಯವಾಗಿ 100 ಮೈಕ್ರೋಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಇನ್ನೊಂದು ಕಣ ಬಂದರೆ ಪಲ್ಸ್ (ವಿದ್ಯುತ್ತಿನ ಮಿಡಿತ) ಬರುತ್ತೆ, ಆದರೆ ಬಡಕಲಾಗಿ. ಸರ್ಕ್ಯೂಟ್ ಅದನ್ನು ಲೆಕ್ಕಕ್ಕೆ ತಗೊಳ್ಳಲ್ಲ. ಕಣಗಳು ಎಡೆಬಿಡದೆ ಬಂದರೆ? ಕೊಳವೆ ಸುಧಾರಿಸಿಕೊಳ್ಳೋದೇ ಇಲ್ಲ. ಎಲ್ಲಾ ಪಲ್ಸೂ ಬಡಕಲು. ಎಣಿಕೆ ಸೊನ್ನೆ.

ಎಕ್ಸ್‌ಪ್ಲೋರರ್-1 ಭೂಮಿಯಿಂದ 358 ಕಿ.ಮೀ. ಹತ್ತಿರ ಬಂದು 2,550 ಕಿ.ಮೀ. ದೂರ ಹೋಗುತ್ತಿತ್ತು. ಅದರಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಯಾವುದಾದರೂ ನಿಲ್ದಾಣದ ಮೇಲೆ ಹಾದು ಹೋಗುವಾಗ ಸಿಕ್ಕಷ್ಟೇ ಮಾಹಿತಿ. ಕೆಳಗಿದ್ದಾಗ ಸೆಕೆಂಡಿಗೆ ಸುಮಾರು 30 ಎಣಿಕೆ, ಎಲ್ಲಾ ಸರಿ. ಮೇಲೆ ಹೋದಾಗಿನ ತುಣುಕುಗಳಲ್ಲಿ ಸೊನ್ನೆ. ಯಾರಿಗಾದರೂ ಮೊದಲು ಅನ್ನಿಸೋದು ಮೀಟರ್ ಕೆಟ್ಟಿದೆ ಅಂತಲೇ.

ಗಂಟು ಬಿಚ್ಚಿದ್ದು ಎಕ್ಸ್‌ಪ್ಲೋರರ್-3. 1958ರ ಮಾರ್ಚ್ 26ರಂದು ಹೋಯಿತು, ಅದರಲ್ಲಿ ಪುಟ್ಟ ಟೇಪ್ ರೆಕಾರ್ಡರ್ ಇತ್ತು. (ಎಕ್ಸ್‌ಪ್ಲೋರರ್-2 ಕಕ್ಷೆಗೇ ಸೇರಲಿಲ್ಲ.) ಪೂರ್ತಿ ಸುತ್ತಿನ ಕಥೆ ಸಿಕ್ಕಿತು. ಎಣಿಕೆ ಏರುತ್ತೆ, ಇನ್ನೂ ಏರುತ್ತೆ, ತಟ್ಟನೆ ಸೊನ್ನೆಗೆ ಬೀಳುತ್ತೆ. ಸ್ವಲ್ಪ ಹೊತ್ತು ಸೊನ್ನೆಯಲ್ಲೇ ಇರುತ್ತೆ. ಆಮೇಲೆ ಜಿಗಿದು ಮೇಲೆ ಬಂದು ನಿಧಾನ ಇಳಿಯುತ್ತೆ. ಪ್ರತಿ ಸುತ್ತಿನಲ್ಲೂ ಹೀಗೇ. ಕೆಟ್ಟ ಮೀಟರ್ ಇಷ್ಟು ಶಿಸ್ತಿನಿಂದ ಕೆಡಲ್ಲ. ವ್ಯಾನ್ ಆಲನ್ ಜೊತೆಗಿದ್ದ ಕಾರ್ಲ್ ಮ್ಯಾಕಿಲ್‌ವೇನ್ ಅಂಥದ್ದೇ ಕೊಳವೆಯನ್ನು ಎಕ್ಸ್‌ರೇ ಯಂತ್ರದ ಮುಂದೆ ಇಟ್ಟು ಕಿರಣ ಜಾಸ್ತಿ ಮಾಡುತ್ತಾ ಹೋದರು. ನೆಲದ ಮೇಲೂ ಅದೇ ಆಯಿತು. ಏರಿತು, ಏರಿತು, ಸೊನ್ನೆ.

ಗುರುಗಳೇ, ಸೊನ್ನೆಗಿಂತ ಸೊನ್ನೆಯ ಅಕ್ಕಪಕ್ಕ ಏನಿದೆ ಅನ್ನೋದು ಮುಖ್ಯ. ಇದನ್ನು ಅವಳಿಗೆ ಹೇಳಿ. ಅದೇ ಜುಲೈನಲ್ಲಿ ಹೋದ ಎಕ್ಸ್‌ಪ್ಲೋರರ್-4ರಲ್ಲಿ ಒಂದು ಕೊಳವೆ ಹಾಗೇ ಇಟ್ಟರು, ಇನ್ನೊಂದಕ್ಕೆ ಸೀಸ ಸುತ್ತಿದರು. ಒಂದು ಕಟ್ಟಿಕೊಂಡರೂ ಇನ್ನೊಂದು ಎಣಿಸುತ್ತಿರಲಿ ಅಂತ.

ಒಂದು ಮಾತು ಬಿಟ್ಟುಹೋಯಿತು. ಮೂರು ತಿಂಗಳು ಮುಂಚೆಯೇ, 1957ರ ನವೆಂಬರಿನಲ್ಲಿ, ಸ್ಪುಟ್ನಿಕ್-2ರಲ್ಲಿ ಸೋವಿಯತ್ ವಿಜ್ಞಾನಿ ವೆರ್ನೋವ್ ಅವರ ಕೌಂಟರ್‌ಗಳು ಇದ್ದವು. ಆದರೆ ಅವರಿಗೆ ಮಾಹಿತಿ ಸಿಗುತ್ತಿದ್ದದ್ದು ಉಪಗ್ರಹ ಅವರ ದೇಶದ ಮೇಲಿದ್ದಾಗ ಮಾತ್ರ, ಅಲ್ಲಿ ಅದು ಕೆಳಗೆ ಹಾರುತ್ತಿತ್ತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಬ್ಯಾಡ್ಜ್ ಅಕ್ಕ, ಬೆಳಗಾವಿ
ಶನಿವಾರ ರಾತ್ರಿ 11:02

ಸರ್, ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಬಾಹ್ಯಾಕಾಶ ನನಗೆ ದೂರ. ಆದರೆ ಮೀಟರ್ ಹೇಳಿದ್ದನ್ನು ನಂಬೋದು ಹೇಗೆ ಅನ್ನೋ ಗೋಳು ಚೆನ್ನಾಗಿ ಗೊತ್ತು.

ನಮಗೆ ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತೆ. ಒಳಗೆ ಮೂರು ಬಿಳಿ ಬಿಲ್ಲೆ, ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನವು. ಒಂದರ ಮೇಲೆ ಲೋಹದ ಹಾಳೆ, ಒಂದರ ಮೇಲೆ ಪ್ಲಾಸ್ಟಿಕ್, ಇನ್ನೊಂದು ಬರಿದು. ಇದು ಟಿಕ್ ಅನ್ನಲ್ಲ, ಏನೂ ಅನ್ನಲ್ಲ. ಬಿದ್ದ ವಿಕಿರಣವನ್ನು ಒಳಗೇ ಇಟ್ಟುಕೊಂಡಿರುತ್ತೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋದಾಗ ಬಿಸಿ ಮಾಡುತ್ತಾರೆ, ಬಿಲ್ಲೆ ಬೆಳಕು ಬಿಡುತ್ತೆ. ಎಷ್ಟು ಬೆಳಕೋ ಅಷ್ಟು ಡೋಸು.

ಕೆಲವು ವರ್ಷದ ಹಿಂದೆ ತಂಗಿ ಮದುವೆಗೆ ಗೋಕಾಕಿಗೆ ಹೋಗಿದ್ದೆ, ಹನ್ನೆರಡು ದಿನ ರಜೆ. ಬ್ಯಾಡ್ಜ್ ಏಪ್ರನ್‌ನಲ್ಲೇ ಉಳಿಯಿತು, ಏಪ್ರನ್ ಎಕ್ಸ್‌ರೇ ರೂಮಿನ ಒಳಗಿನ ಮೊಳೆಗೆ. ಹೊರಗೆ ಸ್ಟ್ಯಾಂಡ್ ಮಾಡಿಸಿ ಅಂತ ಎಷ್ಟೋ ಸಲ ಕೇಳಿದ್ದೆವು, ಮಾಡಿಸಿರಲಿಲ್ಲ. ರಿಪೋರ್ಟ್ ಬಂದಾಗ ನನ್ನ ಹೆಸರಿನ ಮುಂದೆ ಯಾವತ್ತೂ ಇಲ್ಲದ ಅಂಕಿ. ವಿವರಣೆ ಬರೆದುಕೊಡಿ ಅಂದರು. ನಾನು ಮದುವೆ ಫೋಟೋ ಲಗತ್ತಿಸಿದೆ! ಕೈಯಲ್ಲಿ ಅಕ್ಷತೆ, ಮೈ ಮೇಲೆ ಇಳಕಲ್ ಸೀರೆ, ಬ್ಯಾಡ್ಜ್ ಇಲ್ಲ.

ಬ್ಯಾಡ್ಜ್ ಸುಳ್ಳು ಹೇಳಿರಲಿಲ್ಲ ಸರ್. ಅದು ಇದ್ದ ಜಾಗದ ಲೆಕ್ಕ ಹೇಳಿತ್ತು. ನಾನು ಅಲ್ಲಿ ಇರಲಿಲ್ಲ ಅಷ್ಟೆ.

ಒಣದ್ರಾಕ್ಷಿ ಕಾಕಾ, ತಿಕೋಟಾ
ಭಾನುವಾರ ಬೆಳಿಗ್ಗೆ 6:40

ಎಲ್ಲಾ ಓದಿದೆ. ಎರಡು ಪ್ರಶ್ನೆ. ಒಂದು, ನಮ್ಮ ಮನೆ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೆ ಅದೇ ಬಂದಿದೆ. ರಾತ್ರಿ 12:30ರಿಂದ 3:30ರ ತನಕ ಕಾಸ್ಮಿಕ್ ಕಿರಣ ಬರುತ್ತೆ, ಮೊಬೈಲ್ ಆಫ್ ಮಾಡಿ ದೂರ ಇಡಿ ಅಂತ. ನಮ್ಮಾಕೆ ನನ್ನ ಫೋನ್ ತಗೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದಳು. ನಿಜವೇ?

ಎರಡು, ಇಷ್ಟು ಖರ್ಚು ಮಾಡಿ ಮೇಲೆ ವಿಕಿರಣ ಅಳೆದು ನಮ್ಮ ದ್ರಾಕ್ಷಿಗೆ ಏನು ಬಂತು?

ಹಾರ್ಡ್‌ವೇರ್ ಹುಡುಗ
ಭಾನುವಾರ ಬೆಳಿಗ್ಗೆ 9:15

ಕಾಕಾ, ಕಾಸ್ಮಿಕ್ ಕಿರಣ ಅಂದರೆ ರಾತ್ರಿ 12:30ಕ್ಕೆ ಬಂದು 3:30ಕ್ಕೆ ಹೋಗುವ ಬಸ್ಸಲ್ಲ. ಬಾಹ್ಯಾಕಾಶದಿಂದ ಇಡೀ ದಿನ ಬರುತ್ತಲೇ ಇರುತ್ತೆ. ನಮ್ಮ ತಲೆ ಮೇಲಿನ ಗಾಳಿ ಸುಮಾರು 10 ಮೀಟರ್ ನೀರಿನಷ್ಟು ತೂಕದ ಹೊದಿಕೆ. ಅದನ್ನು ದಾಟಿ ಕೆಳಗೆ ಬರೋದು ಮುಖ್ಯವಾಗಿ ಮ್ಯೂಆನ್ ಅನ್ನೋ ಕಣಗಳು, ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದರಂತೆ. ಅಂಗೈ ಚಾಚಿ ಹಿಡಿಯಿರಿ, ಸೆಕೆಂಡಿಗೆ ಒಂದೋ ಎರಡೋ ಹಾದು ಹೋಗುತ್ತವೆ. ಮೇಷ್ಟ್ರ ಮೇಜಿನ ಮೇಲಿನ 20 ಟಿಕ್‌ನಲ್ಲೂ ಇವುಗಳ ಪಾಲಿದೆ. ಮೊಬೈಲ್ ಆಫ್ ಮಾಡಿದರೆ ಇದಕ್ಕೆ ಏನೂ ಆಗಲ್ಲ. ಫೋನ್ ಕೊಟ್ಟಿಗೆಯಿಂದ ತಗೊಳ್ಳಿ.

ದ್ರಾಕ್ಷಿ ವಿಷಯ. 2024ರ ಮೇ 10-11ರಂದು ದೊಡ್ಡ ಸೌರ ಬಿರುಗಾಳಿ ಬಂತು. ನಮ್ಮ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು. ಅವತ್ತು ಅಮೆರಿಕದಲ್ಲಿ ಬಿತ್ತನೆ ಕಾಲ. ಜಿಪಿಎಸ್ ಹಿಡಿದು ಸಾಲು ಹೊಡೆಯುವ ಟ್ರ್ಯಾಕ್ಟರುಗಳು ದಿಕ್ಕು ತಪ್ಪಿದವು, ಎಷ್ಟೋ ರೈತರು ಕೆಲಸ ನಿಲ್ಲಿಸಿ ಕೂತರು. ನಿಮ್ಮಲ್ಲೂ ಈಗ ಡ್ರೋನಿನಲ್ಲಿ ಔಷಧ ಹೊಡೆಸುತ್ತಾರೆ ಅಲ್ವಾ? ಅದೂ ಉಪಗ್ರಹ ನೋಡಿಕೊಂಡೇ ಹಾರೋದು. ನಿಜ ಹೇಳಬೇಕು ಅಂದರೆ ಜಿಪಿಎಸ್ ಕೆಟ್ಟದ್ದು ಮೇಲಿನ ವಾತಾವರಣದ ಗಲಿಬಿಲಿಯಿಂದ, ಕಣಗಳು ನೇರವಾಗಿ ಹೊಡೆದು ಅಲ್ಲ. ಆದರೆ ಎರಡಕ್ಕೂ ಮೂಲ ಸೂರ್ಯನೇ. ಮಳೆ ಮುನ್ಸೂಚನೆ ಕೊಡುವ ಉಪಗ್ರಹದೊಳಗಿನ ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ಮಾತ್ರ ಕಣಗಳು ನೇರವಾಗಿಯೇ ಹೊಡೆಯುತ್ತವೆ.

ಒಣದ್ರಾಕ್ಷಿ ಕಾಕಾ
ಭಾನುವಾರ ಬೆಳಿಗ್ಗೆ 9:50

ಫೋನ್ ತಂದೆ. ಸೆಗಣಿ ವಾಸನೆ.

ಮೀಟರ್ ನಂಬೋದರ ಬಗ್ಗೆ ನಾನೂ ಒಂದು ಹೇಳುತ್ತೇನೆ. ನಮ್ಮ ಅಳಿಯ ಜಮಖಂಡಿ ಕಡೆ ಕಬ್ಬು ಬೆಳೆಯುತ್ತಾನೆ. ಫ್ಯಾಕ್ಟರಿ ಕಾಟಾದ ಮೇಲೆ ಅವನಿಗೆ ನಂಬಿಕೆ ಇಲ್ಲ. ಟ್ರ್ಯಾಕ್ಟರ್ ಮೊದಲು ಹೊರಗಿನ ಖಾಸಗಿ ಕಾಟಾದ ಮೇಲೆ ಹತ್ತಿಸಿ ಚೀಟಿ ತಗೊಳ್ಳುತ್ತಾನೆ. ಆಮೇಲೆ ಫ್ಯಾಕ್ಟರಿ ಒಳಗೆ. ಎರಡು ಚೀಟಿ ಸರಿ ಹೊಂದಿದರೆ ಸುಮ್ನೆ ಬರುತ್ತಾನೆ, ಇಲ್ಲವಾದರೆ ಗೇಟಿನಲ್ಲಿ ಜಗಳ. ಮೇಲೆ ಹೊರಗಿನ ಕಾಟಾ ಎಲ್ಲಿಂದ ತರುತ್ತೀರಿ?

ಹಾರ್ಡ್‌ವೇರ್ ಹುಡುಗ
ಭಾನುವಾರ ಬೆಳಿಗ್ಗೆ 11:30

ಕಾಕಾ, ನಿಮ್ಮ ಅಳಿಯನಿಗೆ ನಮ್ಮ ಲ್ಯಾಬಿನಲ್ಲಿ ಕೆಲಸ ಕೊಡಿಸಬಹುದು. ಇದೇ ಕಾಟಾ ಇಟ್ಟುಕೊಂಡು ಹೇಳುತ್ತೇನೆ.

ಗೈಗರ್ ಕೊಳವೆ ಅಂದರೆ ಗೇಟಿನಲ್ಲಿ ಕೂತು ಗಾಡಿ ಎಣಿಸುವವನು. ಟ್ರ್ಯಾಕ್ಟರ್ ಬಂದರೂ ಒಂದು, ಸೈಕಲ್ ಬಂದರೂ ಒಂದು. ಈಗ ಉಪಗ್ರಹಗಳಲ್ಲಿ ಜಾಸ್ತಿ ಬಳಸೋದು ಸಿಲಿಕಾನ್ ಬಿಲ್ಲೆ. ಅದು ಕಾಟಾ. ಕಣ ಒಳಗೆ ನುಗ್ಗಿದಾಗ ಸಿಲಿಕಾನಿನಲ್ಲಿ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ, ಒಂದೊಂದಕ್ಕೆ ಸರಾಸರಿ 3.6 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಪುಟ್ಟ ಅಳತೆ) ಖರ್ಚು. ಪಲ್ಸ್ ಎಷ್ಟು ಎತ್ತರವೋ ಕಣ ಅಷ್ಟು ಶಕ್ತಿ ಬಿಟ್ಟು ಹೋಗಿದೆ ಅಂತ ಲೆಕ್ಕ. ಇಂಥ ಬಿಲ್ಲೆಗಳನ್ನು ಒಂದರ ಹಿಂದೆ ಒಂದು ಇಡುತ್ತಾರೆ. ಮುಂದಿನ ತೆಳು ಬಿಲ್ಲೆಯಲ್ಲಿ ಎಷ್ಟು ಬಿಟ್ಟಿತು, ಹಿಂದಿನ ದಪ್ಪ ಬಿಲ್ಲೆಯಲ್ಲಿ ಎಷ್ಟು ಬಿಟ್ಟಿತು ಅಂತ ಎರಡನ್ನೂ ನೋಡಿದರೆ ಅದು ಪ್ರೋಟಾನೋ ಹೀಲಿಯಮ್ಮೋ ಕಬ್ಬಿಣವೋ ಅಂತಲೂ ಹೇಳಬಹುದು. ಪಕ್ಕದಿಂದ ನುಸುಳಿ ಬಂದದ್ದನ್ನು ತಳ್ಳಿಹಾಕೋಕೆ ಸುತ್ತ ಇನ್ನೊಂದು ಡಿಟೆಕ್ಟರ್. ಅದು ಟಿಕ್ ಅಂದರೆ ಈ ಕಣ ಲೆಕ್ಕಕ್ಕಿಲ್ಲ.

ಇನ್ನು ನಂಬಿಕೆ. ಕಾಟಾದ ಮೇಲೆ ಇಲಾಖೆಯವರು ತೂಕದ ಬಟ್ಟು ಇಟ್ಟು ನೋಡುತ್ತಾರಲ್ಲ, ಹಾಗೆ ಹಾರುವ ಮೊದಲು ಅಮೆರಿಸಿಯಂ, ಸೀಸಿಯಂನಂಥ ವಿಕಿರಣ ಸೂಸುವ ಮೂಲಗಳ ಮುಂದೆ ಇಟ್ಟು ನೋಡುತ್ತೇವೆ. ಅವುಗಳ ಶಕ್ತಿ ಎಷ್ಟು ಅಂತ ಮೊದಲೇ ಗೊತ್ತಿರುತ್ತೆ. ವೇಗವರ್ಧಕ ಯಂತ್ರದ ಕಣಗಳ ಮುಂದೆಯೂ ಇಡುತ್ತಾರೆ. ಮೇಲೆ ಹೋದ ಮೇಲೆ, ಸರ್ಕ್ಯೂಟಿನೊಳಗೇ ಇಂತಿಷ್ಟು ಎತ್ತರದ ಹುಸಿ ಪಲ್ಸ್ ಕೊಟ್ಟು ಅದು ಸರಿಯಾದ ಜಾಗದಲ್ಲಿ ಬೀಳುತ್ತಾ ಅಂತ ಆಗಾಗ ನೋಡುತ್ತಾರೆ. ವಿಕಿರಣ ತಿಂದೂ ತಿಂದೂ ಸಿಲಿಕಾನ್ ಹಳತಾದರೆ ಅದರಲ್ಲಿ ಸೋರುವ ಕರೆಂಟ್ ಏರುತ್ತೆ. ಆ ಅಂಕಿಯೂ ಕೆಳಗೆ ಬರುತ್ತಿರುತ್ತೆ. ಅಂದರೆ ಮೀಟರ್ ತನ್ನ ಮುಪ್ಪಿನ ಸುದ್ದಿಯನ್ನೂ ತಾನೇ ಕಳಿಸುತ್ತೆ.

ಹೊರಗಿನ ಕಾಟಾ ಅಂದರೆ ಇನ್ನೊಂದು ಉಪಗ್ರಹ. ಎರಡು ಒಂದೇ ಜಾಗದಲ್ಲಿ ಹಾದಾಗ ಚೀಟಿ ಹೋಲಿಸುತ್ತಾರೆ. 2012ರಲ್ಲಿ ಹೋದ ವ್ಯಾನ್ ಆಲನ್ ಪ್ರೋಬ್‌ಗಳನ್ನು ಜೋಡಿಯಾಗಿಯೇ ಕಳಿಸಿದ್ದರು. ಒಂದೇ ಇದ್ದರೆ ಅದು ಜಾಗ ದಾಟಿದ್ದಕ್ಕೆ ಅಂಕಿ ಬದಲಾಯಿತೋ, ಹೊತ್ತು ಕಳೆದದ್ದಕ್ಕೋ ಗೊತ್ತಾಗಲ್ಲ. ಅವುಗಳಿಂದಲೇ ಭೂಮಿಯ ಸುತ್ತಲಿನ ಒಳಗಿನ, ಹೊರಗಿನ ಎರಡು ವಿಕಿರಣ ಪಟ್ಟಿಗಳ ನಡುವೆ ಕೆಲವು ವಾರ ಮೂರನೇ ಪಟ್ಟಿ ಇದ್ದದ್ದು ಗೊತ್ತಾಯಿತು.

ಪ್ರಕೃತಿಯೂ ಒಂದು ಬಟ್ಟು ಕೊಟ್ಟಿದೆ. ಭೂಮಿಯ ಕಾಂತಕ್ಷೇತ್ರ ನಡುಮಧ್ಯಕ್ಕೆ ಸರಿಯಾಗಿ ಕೂತಿಲ್ಲ, ಸ್ವಲ್ಪ ಸರಿದಿದೆ. ಅದಕ್ಕೆ ಬ್ರೆಜಿಲ್ ಮತ್ತು ದಕ್ಷಿಣ ಅಟ್ಲಾಂಟಿಕ್ ಮೇಲೆ ಒಳಗಿನ ಪಟ್ಟಿ ಸುಮಾರು 200 ಕಿ.ಮೀ. ತನಕ ಇಳಿದುಬಿಡುತ್ತೆ. ಹಬಲ್ ದೂರದರ್ಶಕ ಅಲ್ಲಿ ಹಾದುಹೋಗುವಾಗ ನೋಡೋದನ್ನೇ ನಿಲ್ಲಿಸುತ್ತೆ. ಅಲ್ಲಿ ಬಂದಾಗಲೂ ಎಣಿಕೆ ಏರದಿದ್ದರೆ ಮೀಟರಿಗೆ ಏನೋ ಆಗಿದೆ ಅಂತ ಲೆಕ್ಕ. ನಮ್ಮ ಆಸ್ಟ್ರೋಸ್ಯಾಟ್ ದೂರದರ್ಶಕ ಉಪಗ್ರಹ (2015) ಇದನ್ನು ಕಾವಲಿಗೆ ಬಳಸಿಕೊಂಡಿತು. ಅದರಲ್ಲಿ ಸೀಸಿಯಂ ಅಯೋಡೈಡ್ ಹರಳಿನ ಒಂದು ಸಣ್ಣ ಕಣ ಮಾಪಕ ಇದೆ. ಕಣ ಬಿದ್ದರೆ ಹರಳು ಮಿಣುಕುತ್ತೆ. ಮಿಣುಕು ಮಿತಿ ಮೀರಿದರೆ ಉಳಿದ ಉಪಕರಣಗಳಿಗೆ ಹೈ ವೋಲ್ಟೇಜ್ ತಗ್ಗಿಸಿಕೊಳ್ಳಿ ಅಂತ ಸೂಚನೆ. ನಾಯಿ ಬೊಗಳಿದರೆ ಬಾಗಿಲು ಹಾಕಿಕೊಂಡ ಹಾಗೆ.

ಐದನೇ ಸೆಮ್, ಬೆಳಗಾವಿ
ಭಾನುವಾರ ಮಧ್ಯಾಹ್ನ 2:20

ಅಣ್ಣಾ, ನಾನು ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಸಿಲಿಕಾನ್ ಡಿಟೆಕ್ಟರ್ ಮಾಡೋಣ ಅಂತ ಬಿಪಿಡಬ್ಲ್ಯೂ34 ಅನ್ನೋ ಫೋಟೋಡಯೋಡ್ ತಂದೆ. ಬೆಳಕು ಬೀಳದ ಹಾಗೆ ಕುಂದಾ ಡಬ್ಬಿಯೊಳಗೆ ಇಟ್ಟು, ಕರಿ ಟೇಪ್ ಸುತ್ತಿ, ಆಂಪ್ಲಿಫೈಯರ್ ಹಾಕಿದೆ. ಮೊದಲ ರಾತ್ರಿ 140 ಎಣಿಕೆ! ಗೆಳೆಯರಿಗೆಲ್ಲ ಫೋಟೋ ಕಳಿಸಿದೆ. ಮರುದಿನ ನೋಡಿದರೆ ಎಣಿಕೆ ಎಲ್ಲಾ ಬಂದದ್ದು ಹೊರಗೆ ರಸ್ತೆಯಲ್ಲಿ ಲಾರಿ ಹೋದಾಗ. ಮೇಜು ತಟ್ಟಿದರೂ ಎಣಿಕೆ. ರೂಮ್‌ಮೇಟ್ ಬಾಗಿಲು ಹಾಕಿದರೂ ಎಣಿಕೆ. ಅವನು ನನ್ನನ್ನು ಈಗ ಕಾಸ್ಮಿಕ್ ಕಿರಣ ಅಂತಲೇ ಕರೆಯುತ್ತಾನೆ.

ಮೀಟರ್ ತಪ್ಪು ಹೇಳೋದರ ಬಗ್ಗೆ ನನ್ನದೊಂದು ಮೆಚ್ಚಿನ ಕಥೆ. 2003ರಲ್ಲಿ ಬೆಲ್ಜಿಯಮ್ಮಿನ ಸ್ಕಾರ್‌ಬೀಕ್‌ನಲ್ಲಿ ಚುನಾವಣೆ. ಕಂಪ್ಯೂಟರ್ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4,096 ಮತ ಜಾಸ್ತಿ ತೋರಿಸಿತು. 4,096 ಅಂದರೆ ಎರಡನ್ನು ಹನ್ನೆರಡು ಸಲ ಗುಣಿಸಿದ್ದು. ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾಗಿದೆ. ಕಾಸ್ಮಿಕ್ ಕಣ ಹೊಡೆದಿರಬೇಕು ಅಂತ ಊಹೆ, ಸಾಬೀತಾಗಿಲ್ಲ. ಸಿಕ್ಕಿಬಿದ್ದದ್ದು ಹೇಗೆ ಅಂದರೆ ಅಷ್ಟು ಮತ ಬೀಳೋಕೆ ಸಾಧ್ಯವೇ ಇರಲಿಲ್ಲ.

ಹಾರ್ಡ್‌ವೇರ್ ಹುಡುಗ
ಭಾನುವಾರ ಮಧ್ಯಾಹ್ನ 3:05

ತಮ್ಮಾ, ನಗಬೇಡ, ನಾವೂ ಇದನ್ನೇ ಎದುರಿಸುತ್ತೇವೆ. ರಾಕೆಟ್ಟಿನ ನಡುಕಕ್ಕೆ ಸಡಿಲಾದ ಒಂದು ತಂತಿಯೂ ಕಣದ ಹಾಗೇ ನಟಿಸಬಲ್ಲದು. ಡಬ್ಬಿಯನ್ನು ಸ್ಪಂಜಿನ ಮೇಲೆ ಇಡು. ಡಯೋಡ್ ಅಲ್ಲಾಡದ ಹಾಗೆ ಗಟ್ಟಿಯಾಗಿ ಕೂರಿಸು. ಲೋಹದ ಡಬ್ಬಿಯನ್ನು ಗ್ರೌಂಡಿಗೆ ಸೇರಿಸು.

ಮೇಷ್ಟ್ರಿಗೆ ಒಂದು ಸಲಹೆ. ಇನ್ನೊಂದು ಗೈಗರ್ ಕೊಳವೆ ತಂದು ಮೊದಲಿನದರ ಮೇಲೆ ನಾಲ್ಕು ಬೆರಳು ಅಂತರದಲ್ಲಿ ಇಡಿ. ಎರಡೂ ಒಟ್ಟಿಗೆ ಟಿಕ್ ಅಂದರೆ ಮಾತ್ರ ಎಣಿಸಿ. ಕಟ್ಟೆಯ ಗ್ರಾನೈಟು, ಮ್ಯಾಂಟಲ್ಲು ಎಲ್ಲಾ ಬಹುತೇಕ ಬಿದ್ದುಹೋಗುತ್ತವೆ. ತೀರಾ ಕೆಲವೇ ಉಳಿಯುತ್ತವೆ, ಅವು ಮೇಲಿನಿಂದ ಬಂದ ಮ್ಯೂಆನ್‌ಗಳು. ನಡುವೆ ಒಂದು ಇಟ್ಟಿಗೆ ಇಟ್ಟರೂ ದಾಟಿ ಬರುತ್ತವೆ. ಉಪಗ್ರಹದ ಸಿಲಿಕಾನ್ ಸಾಲಿನ ಮೂಲ ಉಪಾಯವೂ ಇದೇ. ಒಬ್ಬನ ಸಾಕ್ಷಿ ಸಾಲದು.

ಬ್ಯಾಡ್ಜ್ ಅಕ್ಕ
ಭಾನುವಾರ ಸಂಜೆ 5:30

ನನ್ನ ಬ್ಯಾಡ್ಜಿಗೆ ಮತ್ತೆ ಬರುತ್ತೇನೆ. ನಮಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ (ಮೈಗೆ ಬಿದ್ದ ವಿಕಿರಣದ ಅಳತೆ) ಮಿತಿ. ನಿಜಕ್ಕೂ ಬರೋದು ಅದರ ಒಂದು ಚೂರು. ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಅರ್ಧ ಮಿಲಿಸೀವರ್ಟಿನ ಆಸುಪಾಸು ಅಂತ ಓದಿದೆ. ಅಂದರೆ ನನ್ನ ಒಂದು ವರ್ಷದ ಮಿತಿ ಅಲ್ಲಿ 40 ದಿನಕ್ಕೆ ಮುಗಿದುಹೋಗುತ್ತೆ! 2025ರ ಜೂನ್-ಜುಲೈನಲ್ಲಿ ಶುಭಾಂಶು ಶುಕ್ಲಾ ಹೋಗಿ ಬಂದರಲ್ಲ, ಅವರ ಜೊತೆ ಹೋದ ಮೆಂತ್ಯ ಮತ್ತು ಹೆಸರುಕಾಳು ನಮ್ಮ ಪಕ್ಕದ ಧಾರವಾಡದವು. ಕೃಷಿ ವಿವಿ ಮತ್ತು ಐಐಟಿಯವರ ಪ್ರಯೋಗ. ಅದು ಮೊಳಕೆ ಬರೋದರ ಬಗ್ಗೆ, ಗೊತ್ತು. ಆದರೂ ನಮ್ಮ ಕಡೆಯ ಕಾಳು ಅಷ್ಟು ವಿಕಿರಣದಲ್ಲಿ ಕೂತು ಬಂತಲ್ಲ ಅಂತ ನನಗೆ ಅನ್ನಿಸಿತು.

ಹುಡುಗಿ ಕೇಳಿದ್ದಾಳಲ್ಲ, ಯಾರಾದರೂ ಹೋಗಿ ನೋಡ್ತಾರಾ ಅಂತ. ಹೌದು ಅನ್ನಿ ಸರ್. ಗಗನಯಾತ್ರಿಗಳ ಹತ್ತಿರವೂ ನನ್ನ ಬ್ಯಾಡ್ಜಿನ ಜಾತಿಯವೇ ಇರುತ್ತವೆ, ಭೂಮಿಗೆ ವಾಪಸ್ ಬಂದ ಮೇಲೆ ಬಿಸಿ ಮಾಡಿ ಓದುತ್ತಾರೆ. 2004ರಲ್ಲಿ ಮಾತ್ರ್ಯೋಷ್ಕಾ ಅಂತ ಒಂದು ಬೊಂಬೆ ಕಳಿಸಿದ್ದರು. ಸೊಂಟದಿಂದ ಮೇಲಿನ ದೇಹ, ಒಳಗೆ ನಿಜವಾದ ಎಲುಬು, ಮಾಂಸದ ಬದಲು ಪ್ಲಾಸ್ಟಿಕ್. ಅದರ ಹೊಟ್ಟೆ, ಶ್ವಾಸಕೋಶ, ಎಲ್ಲಾ ಕಡೆ ಸಾವಿರಾರು ಟಿಎಲ್‌ಡಿ. ನಿಲ್ದಾಣದ ಹೊರಗೂ ಇಟ್ಟರು, ಒಳಗೂ ಇಟ್ಟರು. ಹೊರಗಿದ್ದಾಗ ಮೈ ಮೇಲಿನ ಬ್ಯಾಡ್ಜ್ ಹೇಳಿದ್ದು, ಒಳಗಿನ ಅಂಗಗಳಿಗೆ ಸಿಕ್ಕಿದ್ದಕ್ಕಿಂತ ತುಂಬಾ ಜಾಸ್ತಿ ಇತ್ತು. ನನ್ನ ಮದುವೆ ಫೋಟೋ ನೆನಪಾಯಿತು.

ಹಾರ್ಡ್‌ವೇರ್ ಹುಡುಗ
ಭಾನುವಾರ ರಾತ್ರಿ 8:45

ಅಕ್ಕಾರೆ, ವಾಪಸ್ ಬರುವ ಮಾತು ಎತ್ತಿದ್ದು ಒಳ್ಳೇದಾಯಿತು. ನಮ್ಮವರದೇ ಒಂದು ಇದೆ. 1985ರಲ್ಲಿ ಚಾಲೆಂಜರ್ ನೌಕೆಯ ಸ್ಪೇಸ್‌ಲ್ಯಾಬ್-3ರಲ್ಲಿ 'ಅನುರಾಧಾ' ಅನ್ನೋ ಭಾರತದ ಉಪಕರಣ ಹೋಗಿತ್ತು. ಡಿಟೆಕ್ಟರ್ ಏನು ಗೊತ್ತೇ? ಸಿಆರ್-39 ಪ್ಲಾಸ್ಟಿಕ್ ಹಾಳೆಗಳು. ಕನ್ನಡಕದ ಗಾಜು ಅಂತ ಹಾಕಿಕೊಳ್ಳುತ್ತೇವಲ್ಲ, ಅದೇ ಪ್ಲಾಸ್ಟಿಕ್. ಭಾರವಾದ ಕಣ ಹಾದರೆ ಕಣ್ಣಿಗೆ ಕಾಣದ ಗಾಯ ಆಗುತ್ತೆ. ವಾಪಸ್ ಬಂದ ಮೇಲೆ ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಗಾಯ ಅಗಲವಾಗಿ ಸಣ್ಣ ಕುಳಿ ಕಾಣುತ್ತೆ. ಮೈಕ್ರೋಸ್ಕೋಪಿನಲ್ಲಿ ಎಣಿಸಬೇಕು.

ಆದರೆ ಕುಳಿ ಯಾವಾಗ ಬಿತ್ತು ಅಂತ ಪ್ಲಾಸ್ಟಿಕ್ ಹೇಳಲ್ಲ. ಅದಕ್ಕೆ ಮೇಲಿನ ಹಾಳೆಗಳನ್ನು ನಿಲ್ಲಿಸಿ, ಕೆಳಗಿನ ಹಾಳೆಗಳನ್ನು ಗಡಿಯಾರದ ಮುಳ್ಳಿನ ಹಾಗೆ ನಿಧಾನವಾಗಿ ತಿರುಗಿಸಿದರು. ಮೇಲಿನ ಗಾಯಕ್ಕೂ ಕೆಳಗಿನ ಗಾಯಕ್ಕೂ ಎಷ್ಟು ಕೋನ ತಪ್ಪಿದೆ ನೋಡಿದರೆ ಹೊತ್ತು ಸಿಗುತ್ತೆ. ಕರೆಂಟಿಲ್ಲದ ಪ್ಲಾಸ್ಟಿಕ್ಕಿಗೆ ಗಡಿಯಾರ ಕಟ್ಟಿದ ಹಾಗಾಯಿತು. ನನಗೆ ಇವತ್ತಿಗೂ ಇದರಷ್ಟು ಇಷ್ಟವಾದ ಉಪಕರಣ ಇನ್ನೊಂದಿಲ್ಲ.

ಉಳಿದವು ವಾಪಸ್ ಬರಲ್ಲ. 2008ರ ಚಂದ್ರಯಾನ-1ರಲ್ಲಿ ಬಲ್ಗೇರಿಯಾದವರ ವಿಕಿರಣ ಮಾಪಕ ರ್‍ಯಾಡಾಮ್ ಇತ್ತು, ಒಂದೇ ಒಂದು ಸಿಲಿಕಾನ್ ಬಿಲ್ಲೆ, 0.3 ಮಿ.ಮೀ. ದಪ್ಪ. ಭೂಮಿಯ ಪಟ್ಟಿಗಳನ್ನು ದಾಟುವಾಗಲೂ ಅಳೆಯಿತು, ಚಂದ್ರನ ಸುತ್ತ 100 ಕಿ.ಮೀ. ಎತ್ತರದಲ್ಲೂ ಅಳೆಯಿತು. ಅಲ್ಲಿ ಗಂಟೆಗೆ 9ರಿಂದ 10 ಮೈಕ್ರೋಗ್ರೇ (ಇದೂ ವಿಕಿರಣದ ಅಳತೆಯೇ). ಆಗ ಸೂರ್ಯ ತಣ್ಣಗಿದ್ದ ಕಾಲ. ಸೂರ್ಯ ತಣ್ಣಗಿದ್ದರೆ ವಿಕಿರಣ ಕಡಿಮೆ ಅಂದುಕೊಂಡರೆ ತಪ್ಪು, ದೂರದ ಕಾಸ್ಮಿಕ್ ಕಿರಣ ಜಾಸ್ತಿ ಒಳಗೆ ಬರುತ್ತೆ. ಸೂರ್ಯನ ಗಾಳಿಯೇ ಅದನ್ನು ತಳ್ಳೋದು. 2017ರ ಜಿಸ್ಯಾಟ್-19 ಉಪಗ್ರಹದಲ್ಲೂ ಒಂದು ವಿಕಿರಣ ಮಾಪಕ ಇದೆ. 2024ರ ಡಿಸೆಂಬರಿನಲ್ಲಿ ಹೋದ ಸ್ಪೇಡೆಕ್ಸ್ ಉಪಗ್ರಹಗಳ ಜೋಡಿಯಲ್ಲಿ ಒಂದರಲ್ಲೂ ಇದೆ, ಮುಂದೆ ನಮ್ಮವರು ಹಾರುವಾಗ ಲೆಕ್ಕ ಬೇಕು ಅಂತ. ಸೂರ್ಯನನ್ನು ನೋಡೋಕೆ ಹೋದ ಆದಿತ್ಯ-ಎಲ್1ರ ಕಣ ಎಣಿಸುವ ಸ್ಟೆಪ್ಸ್ ಉಪಕರಣಕ್ಕೆ ಆರು ಸೆನ್ಸರ್, ಆರು ದಿಕ್ಕಿಗೆ ಮುಖ. ಅದು 15 ಲಕ್ಷ ಕಿ.ಮೀ. ದೂರ ಮುಟ್ಟುವ ತನಕ ಕಾಯಲಿಲ್ಲ, 2023ರ ಸೆಪ್ಟೆಂಬರ್ 10ರಂದು ಭೂಮಿಯಿಂದ 50,000 ಕಿ.ಮೀ. ದಾಟಿದ ಕೂಡಲೇ ಎಣಿಸೋಕೆ ಶುರು ಮಾಡಿತು. ಯಾಕೆ ಅಷ್ಟು ಬೇಗ ಅಂತ ಹುಡುಗಿಗೆ ಕೇಳಿ. ಗೊತ್ತಿರುವ ಜಾಗದಲ್ಲಿ ಅಳೆದು ನೋಡಿಕೊಂಡರೆ ತಾನೇ ಗೊತ್ತಿಲ್ಲದ ಜಾಗದ ಅಂಕಿಯನ್ನು ನಂಬೋದು?

ನವನಗರ ಮೇಷ್ಟ್ರು
ಬುಧವಾರ ಸಂಜೆ 6:15

ತಡವಾಯಿತು, ಕ್ಷಮಿಸಿ. ಸೋಮವಾರ ನಿಮ್ಮದೆಲ್ಲ ಹೇಳಿದೆ. ಕಾಟಾ ಮಕ್ಕಳಿಗೆ ಕೂಡಲೇ ಅರ್ಥವಾಯಿತು, ಅರ್ಧ ಕ್ಲಾಸು ಕಬ್ಬಿನ ಮನೆಯವರೇ.

ಅವಳು ಮಾತ್ರ ಏನೂ ಹೇಳಲಿಲ್ಲ. ಇವತ್ತು ಒಂದು ಚೀಲದಲ್ಲಿ ಬಿಳಿ ಜೋಳ, ಎರಡು ಸ್ಟೀಲ್ ತಟ್ಟೆ, ಒಂದು ಜರಡಿ ತಂದಿದ್ದಳು. ಗೆಳತಿಗೆ ಕಣ್ಣು ಮುಚ್ಚಿಸಿ ಕೂರಿಸಿದಳು. ತಾನು ಕಾಳು ಒಂದೊಂದೇ ತಟ್ಟೆಗೆ ಬೀಳಿಸಿದಳು, ಠಣ್, ಠಣ್. ಗೆಳತಿ ಎಣಿಸಿದಳು, 15ಕ್ಕೆ 15. ಬೇಗ ಬೇಗ ಬೀಳಿಸಿದಳು. 40 ಕಾಳಿಗೆ 26. ಆಮೇಲೆ ಒಂದು ಬೊಗಸೆ ಒಟ್ಟಿಗೆ ಸುರಿದಳು. ಝರ್ ಅಂತ ಒಂದೇ ಸದ್ದು. ಗೆಳತಿ ಒಂದೂ ಎಣಿಸಲಾರದೆ ಸುಮ್ಮನೆ ಕೂತಳು. "ಸರ್, ಇದೇ ಸೊನ್ನೆ" ಅಂದಳು.

ನಾನು ಚಪ್ಪಾಳೆ ತಟ್ಟೋಕೆ ಹೋದೆ. ಇನ್ನೂ ಮುಗಿದಿಲ್ಲ ಸರ್ ಅಂದಳು. ಗೆಳತಿ ಎಣಿಸಲಾರದೆ ಸುಮ್ಮನಾದಳೋ, ನಿದ್ದೆ ಹೋದಳೋ ಹೊರಗಿದ್ದವರಿಗೆ ಗೊತ್ತಾಗಲ್ಲ ಅಲ್ವಾ? ಅದಕ್ಕೆ ಇನ್ನೊಂದು ತಟ್ಟೆ ಇಟ್ಟು, ಅದರ ಮೇಲೆ ಜರಡಿ ಹಿಡಿಸಿ, ಇನ್ನೊಬ್ಬಳನ್ನು ಕೂರಿಸಿದಳು. ಎರಡು ತಟ್ಟೆಗೂ ಬೊಗಸೆ ಬೊಗಸೆ ಸುರಿದಳು. ಜರಡಿ ದಾಟಿ ಬಿದ್ದದ್ದು ಬರೀ ನುಚ್ಚು. ಎರಡನೆಯವಳು ಮೆತ್ತಗೆ ಒಂದು, ಎರಡು, ಮೂರು ಅಂತ ಎಣಿಸುತ್ತಲೇ ಇದ್ದಳು, ಮೊದಲನೆಯವಳು ಸುಮ್ಮನೆ ಕೂತಿದ್ದಳು.

ಎಕ್ಸ್‌ಪ್ಲೋರರ್-4ರ ಸೀಸದ ವಿಷಯ ನಾನು ಕ್ಲಾಸಿನಲ್ಲಿ ಹೇಳೋಕೆ ಮರೆತಿದ್ದೆ.

ಐದನೇ ಸೆಮ್
ಬುಧವಾರ ಸಂಜೆ 6:40

ಸರ್, ಅವಳಿಗೆ ನನ್ನ ಕುಂದಾ ಡಬ್ಬಿ ಕೊಟ್ಟುಬಿಡುತ್ತೇನೆ. ಈಗ ಲಾರಿ ಹೋದರೆ ಎಣಿಸಲ್ಲ. ಆದರೆ ಈಗ ಏನನ್ನೂ ಎಣಿಸುತ್ತಿಲ್ಲ.

ಹಾರ್ಡ್‌ವೇರ್ ಹುಡುಗ
ಬುಧವಾರ ಸಂಜೆ 6:52

ತಮ್ಮಾ, ಬ್ಯಾಟರಿ ನೋಡು ಮೊದಲು.

ಒಣದ್ರಾಕ್ಷಿ ಕಾಕಾ
ಬುಧವಾರ ರಾತ್ರಿ 8:30

ಮೇಷ್ಟ್ರೇ, ಸುರಿದ ಜೋಳ ಎಲ್ಲಾ ಆಯ್ದುಕೊಂಡಿರಾ? ಮೇಳಕ್ಕೆ ಎಷ್ಟು ಬೇಕು ಹೇಳಿ, ಒಂದು ಚೀಲ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಮಕ್ಕಳಿಗೆ ಎರಡು ಕೆಜಿ ಒಣದ್ರಾಕ್ಷಿಯೂ ಇಡುತ್ತೇನೆ. ಅದನ್ನು ಎಣಿಸೋದು ಬೇಡ, ತಿನ್ನಲಿ.